ಎಡಿಟಿಂಗ್‌ನಲ್ಲಿ ತಪ್ಪಾದರೆ ಎಷ್ಟು ಹಿಂದಕ್ಕೆ ಹೋಗಬಹುದು? ಸಾಫ್ಟ್‌ವೇರ್ ಆರಿಸುವ ಮುನ್ನ ನೋಡಬೇಕಾದ ಹೋಲಿಕೆ

ಹಾಸನ, ಚಿಕ್ಕಮಗಳೂರಿನ ಸ್ಟುಡಿಯೋಗಳಲ್ಲಿ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸುವಾಗ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಕನ್ನಡ ಟೈಟಲ್ ಸರಿಯಾಗಿ ಬರುತ್ತಾ, ಕಲರ್ ಹೇಗಿದೆ, ನಮ್ಮ ಕಂಪ್ಯೂಟರ್ ತಡೆದುಕೊಳ್ಳುತ್ತಾ, ದುಡ್ಡು ಎಷ್ಟು. ತಪ್ಪು ಮಾಡಿದರೆ ಎಷ್ಟು ದೂರ ಹಿಂದಕ್ಕೆ ಹೋಗಬಹುದು ಅಂತ ಕೇಳುವವರು ಕಡಿಮೆ. ಕಂಟ್ರೋಲ್ ಝಡ್ ಎಲ್ಲದರಲ್ಲೂ ಇದೆಯಲ್ಲ ಎಂಬ ಧೈರ್ಯ. ಇದೆ, ನಿಜ. ಆದರೆ ಅದು ಎಷ್ಟು ಹೆಜ್ಜೆ ನೆನಪಿಟ್ಟುಕೊಳ್ಳುತ್ತದೆ, ಪ್ರಾಜೆಕ್ಟ್ ಮುಚ್ಚಿದರೆ ಏನಾಗುತ್ತದೆ, ಕರೆಂಟ್ ಹೋದರೆ ಏನು ಉಳಿಯುತ್ತದೆ ಎಂಬುದು ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಥರ. ಮದುವೆ ಸೀಸನ್‌ನಲ್ಲಿ ಮೂರು ಕ್ಯಾಮೆರಾದ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ) ಹಾಳಾದ ಮೇಲೆ ಇದನ್ನು ಕಲಿಯುವುದಕ್ಕಿಂತ ಆರಿಸುವಾಗಲೇ ತಿಳಿದಿರುವುದು ಒಳ್ಳೆಯದು.

ಮೊದಲು, ತಪ್ಪು ಯಾವ ಬಗೆಯದು

ಈಗ ತಾನೇ ಆದ ತಪ್ಪಿಗೆ ಅನ್‌ಡು, ಅಂದರೆ ಕಂಟ್ರೋಲ್ ಝಡ್, ಸಾಕು, ಅಲ್ಲಿ ಯಾವ ಸಾಫ್ಟ್‌ವೇರ್ ಆದರೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಬೇರೆ ಮೂರು ಸಂದರ್ಭಗಳಲ್ಲಿ. ಒಂದು, ತಪ್ಪು ಆಗಿ ಅರ್ಧ ಗಂಟೆಯ ಮೇಲೆ ಕಣ್ಣಿಗೆ ಬೀಳುವುದು. ಅಷ್ಟರಲ್ಲಿ ಅದರ ಮೇಲೆ ಒಳ್ಳೆಯ ಕೆಲಸವೂ ಆಗಿರುತ್ತದೆ. ಎರಡು, ಸಾಫ್ಟ್‌ವೇರ್ ಮುಚ್ಚಿದ ಮೇಲೆ ಅಥವಾ ಕರೆಂಟ್ ಹೋದ ಮೇಲೆ ಗೊತ್ತಾಗುವುದು. ಮೂರು, ಹತ್ತು ದಿನ ಬಿಟ್ಟು ಗಿರಾಕಿ ಬಂದು “ಅಣ್ಣ, ಮೊದಲು ತೋರಿಸಿದ್ರಲ್ಲ, ಅದೇ ಚೆನ್ನಾಗಿತ್ತು” ಅನ್ನುವುದು.

ಅನ್‌ಡು ಒಂದೇ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತದೆ. ಐವತ್ತು ಹೆಜ್ಜೆ ಹಿಂದಿನ ತಪ್ಪನ್ನು ಸರಿಮಾಡಲು ಹೋದರೆ ನಡುವಿನ ನಲವತ್ತೊಂಬತ್ತು ಒಳ್ಳೆಯ ಹೆಜ್ಜೆಗಳೂ ಹೋಗುತ್ತವೆ. ಹಿಂದೆ ಹೋದ ಮೇಲೆ ಒಂದೇ ಒಂದು ಹೊಸ ಕಟ್ ಹಾಕಿದರೂ ಸಾಕು, ರೀಡು ಮಾಡಿ ಮುಂದಕ್ಕೆ ಬರುವ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ತುಂಬ ಹಿಂದಕ್ಕೆ ಹೋಗುವ ಮುನ್ನ ಈಗಿನ ಸ್ಥಿತಿಯ ಒಂದು ಪ್ರತಿಯನ್ನು ಹೊರಗೆ ತೆಗೆದಿಟ್ಟುಕೊಳ್ಳಿ. ಪ್ರೀಮಿಯರ್‌ನಲ್ಲಿ ಫೈಲ್ ಮೆನುವಿನ ‘ಸೇವ್ ಎ ಕಾಪಿ’, ಡಾವಿಂಚಿ ರಿಸಾಲ್ವ್‌ನಲ್ಲಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’. ಟೈಮ್‌ಲೈನನ್ನು ಅಲ್ಲೇ ಡೂಪ್ಲಿಕೇಟ್ ಮಾಡಿ ಹಿಂದೆ ಹೋಗುವುದು ಇದಕ್ಕೆ ಸಮವಲ್ಲ: ಆ ಡೂಪ್ಲಿಕೇಟ್ ಮಾಡಿದ್ದೂ ಒಂದು ಹೆಜ್ಜೆಯೇ ಆಗಿ ಅನ್‌ಡುವಿನಲ್ಲಿ ಮಾಯವಾಗಬಹುದು.

ಹೊಸಬರಿಗೆ ಇನ್ನೊಂದು ಮಾತು. ಕ್ಲಿಪ್ ತುಂಡರಿಸಿದರೆ, ಟ್ರಿಮ್ ಮಾಡಿದರೆ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಅರಿಶಿನ ಶಾಸ್ತ್ರದ ಕ್ಲಿಪ್‌ನ ಕೊನೆ ಹತ್ತು ಸೆಕೆಂಡ್ ಹೋಯಿತು ಅಂತ ನಲವತ್ತು ಸಲ ಕಂಟ್ರೋಲ್ ಝಡ್ ಒತ್ತುವವರಿದ್ದಾರೆ. ಕ್ಲಿಪ್‌ನ ಅಂಚು ಹಿಡಿದು ಹೊರಕ್ಕೆ ಎಳೆದರೆ ಆ ಹತ್ತು ಸೆಕೆಂಡ್ ವಾಪಸ್ ಬರುತ್ತದೆ. ಬೇಕಾದ ಶಾಟ್ ಯಾವ ಫೈಲಿನದು ಎಂಬುದೇ ಮರೆತಿದ್ದರೆ, ಆ ಫೈಲಿನ ಉಳಿದ ತುಂಡಿನ ಮೇಲೆ ಪ್ಲೇಹೆಡ್ (ಟೈಮ್‌ಲೈನ್‌ನಲ್ಲಿ ಓಡುವ ಗೆರೆ) ನಿಲ್ಲಿಸಿ ಎಫ್ ಕೀ ಒತ್ತಿ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಮೂಲ ಕ್ಲಿಪ್ ಅದೇ ಫ್ರೇಮ್‌ನಲ್ಲಿ ಸೋರ್ಸ್ ಮಾನಿಟರ್‌ಗೆ ಬಂದು ನಿಲ್ಲುತ್ತದೆ. ಬಣ್ಣ ಅಥವಾ ಎಫೆಕ್ಟ್ ಮಾತ್ರ ಕೆಟ್ಟಿದ್ದರೆ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಮೂವ್ ಆಟ್ರಿಬ್ಯೂಟ್ಸ್’ ಆರಿಸಿ. ಆಮೇಲೆ ಮಾಡಿದ ಕಟ್‌ಗಳು ಹಾಗೇ ಇರುತ್ತವೆ.

ಬೇಡ ಅನ್ನಿಸಿದ ಶಾಟನ್ನು ಅಳಿಸುವ ಬದಲು ಆಫ್ ಮಾಡಿಡುವುದು ಇನ್ನೂ ಒಳ್ಳೆಯ ಅಭ್ಯಾಸ. ಕ್ಲಿಪ್ ಆರಿಸಿ ಪ್ರೀಮಿಯರ್‌ನಲ್ಲಿ ಶಿಫ್ಟ್ ಇ, ರಿಸಾಲ್ವ್‌ನಲ್ಲಿ ಡಿ, ಫೈನಲ್ ಕಟ್‌ನಲ್ಲಿ ವಿ. ಕ್ಲಿಪ್ ಇದ್ದಲ್ಲೇ ಮಂಕಾಗಿ ಕೂತಿರುತ್ತದೆ, ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ, ಗಿರಾಕಿ ಮನಸ್ಸು ಬದಲಿಸಿದರೆ ಅದೇ ಕೀಯಿಂದ ವಾಪಸ್.

ಪ್ರೀಮಿಯರ್ ಪ್ರೊ

ಇದರಲ್ಲಿ ವಿಂಡೋ ಮೆನುವಿನಿಂದ ತೆರೆಯುವ ಹಿಸ್ಟರಿ ಪ್ಯಾನೆಲ್ ಇದೆ. ಮಾಡಿದ ಕೆಲಸಗಳು ಒಂದರ ಕೆಳಗೊಂದು ಪಟ್ಟಿಯಾಗಿ ಕಾಣುತ್ತವೆ, ಯಾವುದರ ಮೇಲೆ ಕ್ಲಿಕ್ ಮಾಡಿದರೂ ನೇರ ಆ ಸ್ಥಿತಿಗೆ ಹೋಗಬಹುದು. ಆದರೆ ಕಂಪನಿಯಿಂದ ಬಂದ ಹಾಗೆ ಅದು ಇಟ್ಟುಕೊಳ್ಳುವುದು 32 ಹೆಜ್ಜೆ ಮಾತ್ರ. ಚುರುಕಾಗಿ ಎಡಿಟ್ ಮಾಡುವವರು ಹತ್ತು ಸೆಕೆಂಡಿಗೆ ಒಂದು ಕೆಲಸ ಮಾಡುತ್ತಾರೆ ಅಂತಿಟ್ಟುಕೊಂಡರೆ 32 ಹೆಜ್ಜೆ ಎಂದರೆ ಐದೂಕಾಲು ನಿಮಿಷ ಚಿಲ್ಲರೆ. ಅದಕ್ಕಿಂತ ಹಿಂದಿನದು ಗೋವಿಂದ. ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಈ ಸಂಖ್ಯೆಯನ್ನು 100ಕ್ಕೆ ಏರಿಸಿ, ಅದೇ ಗರಿಷ್ಠ. ಅಲ್ಲಿಗೆ ಸುಮಾರು ಹದಿನಾರು ಹದಿನೇಳು ನಿಮಿಷದ ನೆನಪು ಸಿಕ್ಕ ಹಾಗಾಯಿತು.

ಪ್ರಾಜೆಕ್ಟ್ ಸೇವ್ ಮಾಡಿದರೆ ಹಿಸ್ಟರಿ ಅಳಿಯುವುದಿಲ್ಲ, ಸೇವ್ ಆದ ಮೇಲೂ ಅನ್‌ಡು ಆಗುತ್ತದೆ. ಪ್ರಾಜೆಕ್ಟ್ ಮುಚ್ಚಿ ತೆರೆದರೆ ಮಾತ್ರ ಪಟ್ಟಿ ಖಾಲಿ. ಗ್ರಾಫಿಕ್ಸ್ ಮಾಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ನಿಂದ ಡೈನಾಮಿಕ್ ಲಿಂಕ್ ಎಂಬ ನೇರ ಜೋಡಣೆಯ ಮೂಲಕ ತಂದ ಟೈಟಲ್ ಇದ್ದರೆ ಅಲ್ಲಿ ಮಾಡಿದ ಬದಲಾವಣೆ ಪ್ರೀಮಿಯರ್‌ನ ಅನ್‌ಡುವಿಗೆ ಸಿಗುವುದಿಲ್ಲ. ಅದನ್ನು ಅಲ್ಲೇ ಹೋಗಿ ಹಿಂತೆಗೆಯಬೇಕು. ಆಫ್ಟರ್ ಎಫೆಕ್ಟ್ಸ್ ಕೂಡ 32ರಿಂದಲೇ ಶುರುವಾಗುತ್ತದೆ, ಪ್ರಿಫರೆನ್ಸಸ್‌ನಲ್ಲಿ 99ರ ತನಕ ಏರಿಸಬಹುದು.

ಹೀಗಾಗಿ ಪ್ರೀಮಿಯರ್‌ನ ನಿಜವಾದ ರಕ್ಷಣೆ ಇರುವುದು ಆಟೋ ಸೇವ್‌ನಲ್ಲಿ. ಪ್ರಿಫರೆನ್ಸಸ್‌ನ ಆಟೋ ಸೇವ್ ಪುಟದಲ್ಲಿ ಎಷ್ಟು ನಿಮಿಷಕ್ಕೊಮ್ಮೆ, ಎಷ್ಟು ಪ್ರತಿ ಎಂದು ಎರಡು ಸಂಖ್ಯೆಗಳಿರುತ್ತವೆ. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಐದು ನಿಮಿಷಕ್ಕೊಂದರಂತೆ 20 ಪ್ರತಿ ಇಟ್ಟರೆ ನೂರು ನಿಮಿಷದಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಬೆಳಿಗ್ಗೆ ಮಾಡಿದ ತಪ್ಪು ಮಧ್ಯಾಹ್ನ ಊಟ ಮಾಡಿ ಬಂದ ಮೇಲೆ ಗೊತ್ತಾದರೆ ಬೆಳಗಿನ ಪ್ರತಿ ಇರುವುದಿಲ್ಲ. ಪ್ರಾಜೆಕ್ಟ್ ಫೈಲ್ ವಿಡಿಯೋದಂತೆ ಜಾಗ ತಿನ್ನುವುದಿಲ್ಲ, ಹಾಗಾಗಿ 100 ಪ್ರತಿ ಇಡಲು ಹಿಂಜರಿಯಬೇಡಿ. ಐದು ನಿಮಿಷಕ್ಕೊಂದರಂತೆ ಎಂಟು ಗಂಟೆಗೂ ಮೇಲಾಯಿತು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಸ್ಕ್ರ್ಯಾಚ್ ಡಿಸ್ಕ್ಸ್ ಪುಟದಲ್ಲಿ ಆಟೋ ಸೇವ್ ಜಾಗವನ್ನು ಬೇರೊಂದು ಡ್ರೈವಿಗೆ ತೋರಿಸಿ. ಪ್ರಾಜೆಕ್ಟ್ ಇರುವ ಡ್ರೈವೇ ಕೈಕೊಟ್ಟ ದಿನ ಅದು ಕಾಪಾಡುತ್ತದೆ.

ಪ್ರಿಫರೆನ್ಸಸ್‌ನ ಆಟೋ ಸೇವ್ ಪುಟದಲ್ಲೇ, ಆಟೋ ಸೇವ್ ಆಗುವಾಗ ಈಗಿನ ಪ್ರಾಜೆಕ್ಟನ್ನೂ ಸೇವ್ ಮಾಡಬೇಕೇ ಎಂಬ ಟಿಕ್ ಇದೆ. ಅದನ್ನು ಖಾಲಿ ಬಿಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಖಾಲಿ ಇದ್ದರೆ ಮೂಲ ಫೈಲ್ ನೀವು ಕೈಯಾರೆ ಸೇವ್ ಮಾಡಿದ ಸ್ಥಿತಿಯಲ್ಲೇ ಇರುತ್ತದೆ. ಏನೋ ಪ್ರಯೋಗ ಮಾಡಿ ಎಲ್ಲ ಕಲಸಿಹೋದರೆ ಫೈಲ್ ಮೆನುವಿನ ‘ರಿವರ್ಟ್’ ಒತ್ತಿದರೆ ಅಲ್ಲಿಗೆ ವಾಪಸ್.

ಆಟೋ ಸೇವ್ ಪ್ರತಿಯನ್ನು ತೆರೆಯುವ ಕ್ರಮವೂ ಮುಖ್ಯ. ಆ ಫೋಲ್ಡರ್‌ನೊಳಗಿನ ಫೈಲನ್ನೇ ತೆರೆದು ಕೆಲಸ ಮುಂದುವರಿಸಿದರೆ ಆಮೇಲೆ ಯಾವುದು ಅಸಲಿ, ಯಾವುದು ಪ್ರತಿ ಎಂದು ತಿಳಿಯದ ಗೊಂದಲವಾಗುತ್ತದೆ. ತೆರೆದ ಕೂಡಲೇ ‘ಸೇವ್ ಆ್ಯಸ್’ ಮಾಡಿ ಹೊಸ ಹೆಸರಿನಲ್ಲಿ ಮೂಲ ಜಾಗಕ್ಕೆ ತನ್ನಿ. ಪೂರ್ತಿ ಪ್ರಾಜೆಕ್ಟ್ ಬೇಡ, ಕೆಟ್ಟ ಭಾಗ ಮಾತ್ರ ಬೇಕು ಎಂದರೆ ಈಗಿನ ಪ್ರಾಜೆಕ್ಟಿನಿಂದಲೇ ಫೈಲ್, ಇಂಪೋರ್ಟ್ ಎಂದು ಹೋಗಿ ಆ ಆಟೋ ಸೇವ್ ಫೈಲನ್ನು ತೋರಿಸಿ, ‘ಇಂಪೋರ್ಟ್ ಸೆಲೆಕ್ಟೆಡ್ ಸೀಕ್ವೆನ್ಸಸ್’ ಆರಿಸಿ. ಹಳೆಯ ಸೀಕ್ವೆನ್ಸ್ (ಪ್ರೀಮಿಯರ್‌ನಲ್ಲಿ ಟೈಮ್‌ಲೈನ್‌ಗೆ ಇದೇ ಹೆಸರು) ಬಂದು ಕೂರುತ್ತದೆ. ಅದರಿಂದ ಬೇಕಾದ ತುಂಡನ್ನು ಕಾಪಿ ಮಾಡಿ ಹೊಸದಕ್ಕೆ ಅಂಟಿಸಿ. ಬಿನ್‌ನಲ್ಲಿ (ಪ್ರಾಜೆಕ್ಟಿನ ಕ್ಲಿಪ್‌ಗಳಿರುವ ಫೋಲ್ಡರ್) ಕ್ಲಿಪ್‌ಗಳು ಎರಡೆರಡಾಗಿದ್ದರೆ ಎಡಿಟ್ ಮೆನುವಿನ ‘ಕನ್ಸಾಲಿಡೇಟ್ ಡೂಪ್ಲಿಕೇಟ್ಸ್’ ಒಂದಾಗಿಸುತ್ತದೆ.

ಇದೆಲ್ಲ ಬೇಕಾಗುವ ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಧಾರೆಯ ದೃಶ್ಯ, ಮೂರು ಕ್ಯಾಮೆರಾ, ಆಡಿಯೋ ರೆಕಾರ್ಡರ್‌ನ ಶಬ್ದ ಮೂರನೇ ಆಡಿಯೋ ಟ್ರ್ಯಾಕ್‌ನಲ್ಲಿ. ಕ್ಯಾಮೆರಾ ಅಲುಗಾಡಿದ 18 ಫ್ರೇಮ್‌ಗಳನ್ನು ರಿಪಲ್ ಡಿಲೀಟ್ (ಖಾಲಿಯಾದ ಜಾಗ ಮುಚ್ಚುವಂತೆ ಮುಂದಿನದೆಲ್ಲ ಎಡಕ್ಕೆ ಸರಿಯುವ ಡಿಲೀಟ್) ಮಾಡುತ್ತೀರಿ. ಮೂರನೇ ಆಡಿಯೋ ಟ್ರ್ಯಾಕ್‌ನ ಸಿಂಕ್ ಲಾಕ್ (ಉಳಿದವುಗಳ ಜೊತೆಗೇ ಸರಿಯುವಂತೆ ಮಾಡುವ ಗುರುತು) ಆಫ್ ಆಗಿದ್ದುದು ಗಮನಕ್ಕೆ ಬಂದಿರುವುದಿಲ್ಲ. ಉಳಿದ ಟ್ರ್ಯಾಕ್‌ಗಳೆಲ್ಲ 18 ಫ್ರೇಮ್ ಎಡಕ್ಕೆ ಸರಿಯುತ್ತವೆ, ಅದೊಂದು ಇದ್ದಲ್ಲೇ ಉಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಶಬ್ದ ಮುಕ್ಕಾಲು ಸೆಕೆಂಡಿನಷ್ಟು ತಡ. ಗಟ್ಟಿಮೇಳ ನಡೆಯುವಾಗ ವಾಲಗದ ಗದ್ದಲದಲ್ಲಿ ಯಾರಿಗೂ ತಿಳಿಯುವುದಿಲ್ಲ. ಸಪ್ತಪದಿಗೆ ಬಂದಾಗ ಪುರೋಹಿತರ ತುಟಿ ಒಂದು, ಮಂತ್ರ ಒಂದು. ಅಷ್ಟು ಹೊತ್ತಿಗೆ ಅರವತ್ತು ಕಟ್ ಮುಗಿದಿರುತ್ತದೆ.

ಇಲ್ಲಿ ಅನ್‌ಡು ಹುಡುಕಬಾರದು, ಮುಂದಕ್ಕೇ ಸರಿಮಾಡಬೇಕು. ತಪ್ಪಾದ ಜಾಗ ಕಂಡುಹಿಡಿಯಿರಿ. ಮೂರನೇ ಆಡಿಯೋ ಟ್ರ್ಯಾಕ್‌ನಲ್ಲಿ ಅದೇ ಜಾಗದಲ್ಲಿ 18 ಫ್ರೇಮ್ ಕತ್ತರಿಸಿ ಸಾಮಾನ್ಯ ಡಿಲೀಟ್ ಕೊಡಿ. ರಿಪಲ್ ಬೇಡ, ಕೊಟ್ಟರೆ ಉಳಿದ ಟ್ರ್ಯಾಕ್‌ಗಳು ಮತ್ತೆ ಓಡುತ್ತವೆ. ಎ ಒತ್ತಿ ಟ್ರ್ಯಾಕ್ ಸೆಲೆಕ್ಟ್ ಟೂಲ್ ತೆಗೆದುಕೊಂಡು, ಶಿಫ್ಟ್ ಹಿಡಿದು ಆ ಟ್ರ್ಯಾಕ್‌ನಲ್ಲಿ ಅಲ್ಲಿಂದ ಮುಂದಿನದನ್ನು ಮಾತ್ರ ಆರಿಸಿ. ನಂಬರ್ ಪ್ಯಾಡ್‌ನಲ್ಲಿ ಮೈನಸ್ 18 ಎಂದು ಒತ್ತಿ ಎಂಟರ್ ಕೊಡಿ. ಆರಿಸಿದ್ದೆಲ್ಲ 18 ಫ್ರೇಮ್ ಎಡಕ್ಕೆ ಬಂದು ಕೂರುತ್ತದೆ, ಅರವತ್ತು ಕಟ್‌ಗಳಲ್ಲಿ ಒಂದೂ ಹೋಗುವುದಿಲ್ಲ. ಸರಿದದ್ದು ಕ್ಯಾಮೆರಾದ್ದೇ ಆಡಿಯೋ ಆಗಿದ್ದರೆ ಕೆಲಸ ಇನ್ನೂ ಹಗುರ: ಕ್ಲಿಪ್ ಮೇಲೆ ಕೆಂಪು ಗುರುತಿನಲ್ಲಿ ಎಷ್ಟು ಫ್ರೇಮ್ ತಪ್ಪಿದೆ ಎಂದು ಬರೆದಿರುತ್ತದೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೂವ್ ಇಂಟು ಸಿಂಕ್’ ಕೊಟ್ಟರೆ ಸಾಕು.

ಡಾವಿಂಚಿ ರಿಸಾಲ್ವ್

ಉಚಿತ ಆವೃತ್ತಿಯಲ್ಲೇ ಅನ್‌ಡು ಧಾರಾಳವಾಗಿದೆ. ಪ್ರಾಜೆಕ್ಟ್ ತೆರೆದಾಗಿನಿಂದ ಮಾಡಿದ ಎಲ್ಲವನ್ನೂ ಹಿಂತೆಗೆಯಬಹುದು, ಸಂಖ್ಯೆಯ ಮಿತಿ ಇಲ್ಲವೆಂದೇ ಹೇಳಬೇಕು. ಎಡಿಟ್ ಮೆನುವಿನ ಹಿಸ್ಟರಿಯಲ್ಲಿ ‘ಓಪನ್ ಹಿಸ್ಟರಿ ವಿಂಡೋ’ ಕೊಟ್ಟರೆ ಪೂರ್ತಿ ಪಟ್ಟಿ ಕಾಣುತ್ತದೆ. ಈ ಒಂದು ವಿಷಯದಲ್ಲಿ ಪ್ರೀಮಿಯರ್ ಇದರ ಹತ್ತಿರ ಬರುವುದಿಲ್ಲ. ಪ್ರಾಜೆಕ್ಟ್ ಮುಚ್ಚಿದರೆ ಇದರಲ್ಲೂ ಪಟ್ಟಿ ಖಾಲಿಯೇ.

ತೊಡಕಿರುವುದು ಬೇರೆ ಕಡೆ. ರಿಸಾಲ್ವ್‌ನಲ್ಲಿ ಅನ್‌ಡು ಪಟ್ಟಿ ಒಂದಲ್ಲ. ಮೀಡಿಯಾ, ಕಟ್, ಎಡಿಟ್, ಫೇರ್‌ಲೈಟ್ (ಆಡಿಯೋ) ಪುಟಗಳಿಗೆ ಸೇರಿ ಒಂದು ಪಟ್ಟಿ. ಕಲರ್ ಪುಟದಲ್ಲಿ ಒಂದೊಂದು ಕ್ಲಿಪ್‌ಗೂ ಪ್ರತ್ಯೇಕ ಪಟ್ಟಿ. ಎಫೆಕ್ಟ್‌ಗಳ ಫ್ಯೂಷನ್ ಪುಟದಲ್ಲೂ ಹಾಗೆಯೇ. ಇದು ತಿಳಿಯದೆ ಹೊಸದಾಗಿ ಬಂದವರು ತಡವರಿಸುತ್ತಾರೆ. ವಧುವಿನ ಕ್ಲೋಸಪ್‌ಗೆ ಹಾಕಬೇಕಾದ ಬಣ್ಣವನ್ನು ಪಕ್ಕದ ಮಂಟಪದ ಶಾಟ್‌ಗೆ ಹಾಕಿ, ಎಡಿಟ್ ಪುಟಕ್ಕೆ ಬಂದು ಕಂಟ್ರೋಲ್ ಝಡ್ ಒತ್ತಿದರೆ ಬಣ್ಣ ಹೋಗುವುದಿಲ್ಲ, ನೀವು ಕೊನೆಗೆ ಹಾಕಿದ ಕಟ್ ಹೋಗುತ್ತದೆ. ಕಲರ್ ಪುಟಕ್ಕೇ ಹೋಗಿ ಆ ಮಂಟಪದ ಕ್ಲಿಪ್ಪನ್ನೇ ಆರಿಸಿ ಕಂಟ್ರೋಲ್ ಝಡ್ ಒತ್ತಬೇಕು. ಒಗ್ಗಿದ ಮೇಲೆ ಇದೇ ದೊಡ್ಡ ಅನುಕೂಲ: ಇಪ್ಪತ್ತು ಕ್ಲಿಪ್‌ಗೆ ಬಣ್ಣ ಹಾಕಿದ ಮೇಲೂ ಮೂರನೇ ಕ್ಲಿಪ್‌ನ ಬಣ್ಣ ಒಂದನ್ನೇ ಹಿಂತೆಗೆಯಬಹುದು, ಉಳಿದ ಹತ್ತೊಂಬತ್ತು ಅಲುಗಾಡುವುದಿಲ್ಲ.

ಕೈಯ ಅಭ್ಯಾಸದಿಂದ ಆಗುವ ತಪ್ಪೂ ಒಂದಿದೆ. ಎಡಿಯಸ್‌ನಲ್ಲಿ ರೀಡುಗೆ ಕಂಟ್ರೋಲ್ ವೈ. ಆ ಅಭ್ಯಾಸ ಇಟ್ಟುಕೊಂಡು ರಿಸಾಲ್ವ್‌ಗೆ ಬಂದವರು ಕಲರ್ ಪುಟದಲ್ಲಿ ಕಂಟ್ರೋಲ್ ವೈ ಒತ್ತಿದರೆ ರೀಡು ಆಗುವುದಿಲ್ಲ, ಆ ಕ್ಲಿಪ್‌ಗೆ ಬಣ್ಣದ ಹೊಸ ವರ್ಷನ್ ಸೇರುತ್ತದೆ. ಇಲ್ಲಿ ರೀಡುಗೆ ಕಂಟ್ರೋಲ್ ಶಿಫ್ಟ್ ಝಡ್. ಆ ವರ್ಷನ್ ವ್ಯವಸ್ಥೆಯನ್ನು ಬೇಕೆಂದೇ ಬಳಸಿದರೆ ಮಾತ್ರ ಬಹಳ ಉಪಯೋಗ: ಒಂದೇ ಕ್ಲಿಪ್‌ಗೆ ಎರಡು ಮೂರು ಬಗೆಯ ಬಣ್ಣ ಇಟ್ಟುಕೊಂಡು ಗಿರಾಕಿಯ ಎದುರೇ ಕಂಟ್ರೋಲ್ ಬಿ, ಕಂಟ್ರೋಲ್ ಎನ್ ಒತ್ತಿ ಹಿಂದೆ ಮುಂದೆ ಮಾಡಿ ತೋರಿಸಬಹುದು.

ರಿಸಾಲ್ವ್‌ನಲ್ಲಿ ಲೈವ್ ಸೇವ್ ಎಂಬುದಿದೆ, ಮಾಡಿದ್ದೆಲ್ಲ ಆಗಿಂದಾಗ್ಗೆ ಸೇವ್ ಆಗುತ್ತಾ ಹೋಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೂ ಹೋಗುವುದು ಕೊನೆಯ ಒಂದೆರಡು ಕೆಲಸ ಮಾತ್ರ. ಆದರೆ ತಪ್ಪು ಕೂಡ ಹಾಗೆಯೇ ಸೇವ್ ಆಗುತ್ತದೆ. ‘ಸೇವ್ ಮಾಡದೆ ಮುಚ್ಚಿಬಿಡೋಣ’ ಎಂಬ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಅದಕ್ಕೇ ಲೈವ್ ಸೇವ್ ಜೊತೆಗೆ ಪ್ರಾಜೆಕ್ಟ್ ಬ್ಯಾಕಪ್ ಕೂಡ ಆನ್ ಇರಲೇಬೇಕು. ಪ್ರಿಫರೆನ್ಸಸ್, ಯೂಸರ್, ‘ಪ್ರಾಜೆಕ್ಟ್ ಸೇವ್ ಆ್ಯಂಡ್ ಲೋಡ್’ ಪುಟದಲ್ಲಿ ‘ಪ್ರಾಜೆಕ್ಟ್ ಬ್ಯಾಕಪ್ಸ್’ ಟಿಕ್ ಆಗಿದೆಯೇ ನೋಡಿ. ಅಲ್ಲಿ ಬಂದಿರುವ ಸಂಖ್ಯೆಗಳು: ಹತ್ತು ನಿಮಿಷಕ್ಕೊಂದು ಪ್ರತಿ, ಗಂಟೆಗೊಂದರಂತೆ ಎಂಟು ಗಂಟೆಯದು, ದಿನಕ್ಕೊಂದರಂತೆ ಐದು ದಿನದ್ದು. ಮದುವೆ ಕೆಲಸ ವಾರಗಟ್ಟಲೆ ಎಳೆಯುವುದರಿಂದ ದಿನದ ಲೆಕ್ಕವನ್ನು ಐದರಿಂದ ಹದಿನೈದಕ್ಕೆ ಏರಿಸಿಕೊಳ್ಳಿ. ಬ್ಯಾಕಪ್ ತೆರೆಯಲು ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್, ‘ಪ್ರಾಜೆಕ್ಟ್ ಬ್ಯಾಕಪ್ಸ್’. ಅದು ಬೇರೆ ಪ್ರಾಜೆಕ್ಟಾಗಿ ತೆರೆಯುತ್ತದೆ, ಈಗಿನದಕ್ಕೆ ಧಕ್ಕೆಯಿಲ್ಲ.

ಪ್ರೀಮಿಯರ್‌ನಿಂದ ಬಂದವರು ಇನ್ನೊಂದು ವಿಷಯ ಮರೆಯುತ್ತಾರೆ. ರಿಸಾಲ್ವ್‌ನ ಪ್ರಾಜೆಕ್ಟ್ ಡೆಸ್ಕ್‌ಟಾಪ್‌ನಲ್ಲಿ ಕಾಣುವ ಫೈಲಲ್ಲ, ಅದರ ಪ್ರಾಜೆಕ್ಟ್ ಲೈಬ್ರರಿಯೊಳಗೆ ಕೂತಿರುತ್ತದೆ. ವಿಂಡೋಸ್ ಹೊಸದಾಗಿ ಹಾಕುವಾಗ ವಿಡಿಯೋ ಫೈಲ್‌ಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟು ಲೈಬ್ರರಿಯನ್ನು ಮರೆತರೆ ಪ್ರಾಜೆಕ್ಟ್‌ಗಳೆಲ್ಲ ಹೋದ ಹಾಗೆ. ಮುಖ್ಯ ಕೆಲಸ ಮುಗಿದಾಗಲೆಲ್ಲ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಕೊಟ್ಟು ಬರುವ ಡಿಆರ್‌ಪಿ ಫೈಲನ್ನು ಹೊರಗಿನ ಡ್ರೈವಿನಲ್ಲಿಡಿ.

ಫೈನಲ್ ಕಟ್ ಪ್ರೊ

ಮ್ಯಾಕ್ ಇದ್ದವರಿಗೆ ಮಾತ್ರ ಅನ್ವಯಿಸುವ ಮಾತು. ಇದರಲ್ಲಿ ಸೇವ್ ಎಂಬ ಆಜ್ಞೆಯೇ ಇಲ್ಲ, ಎಲ್ಲವೂ ತಾನಾಗಿ ಸೇವ್. ಸಾಫ್ಟ್‌ವೇರ್ ತೆರೆದಾಗಿನಿಂದ ಮಾಡಿದ್ದೆಲ್ಲ ಅನ್‌ಡು ಆಗುತ್ತದೆ. ಬದಲಾವಣೆ ಆಗಿದ್ದರೆ 15 ನಿಮಿಷಕ್ಕೊಮ್ಮೆ ಲೈಬ್ರರಿಯ ಬ್ಯಾಕಪ್ ಮೂವೀಸ್ ಫೋಲ್ಡರ್‌ಗೆ ಬೀಳುತ್ತದೆ. ಫೈಲ್, ‘ಓಪನ್ ಲೈಬ್ರರಿ’, ‘ಫ್ರಮ್ ಬ್ಯಾಕಪ್’ ಎಂದು ಹೋಗಿ ತೆರೆಯಬೇಕು. ಬ್ಯಾಕಪ್‌ನಲ್ಲಿ ಇರುವುದು ಎಡಿಟಿಂಗ್ ವಿವರ ಮಾತ್ರ, ವಿಡಿಯೋ ಅಲ್ಲ.

ಇದರ ನಿಜವಾದ ಹೆಚ್ಚುಗಾರಿಕೆ ‘ಡೂಪ್ಲಿಕೇಟ್ ಪ್ರಾಜೆಕ್ಟ್ ಆ್ಯಸ್ ಸ್ನ್ಯಾಪ್‌ಶಾಟ್’. ಅದು ಏಕೆ ಮುಖ್ಯ ಎಂಬುದು ಮುಂದೆ ವರ್ಷನ್ ವಿಷಯದಲ್ಲಿ ಬರುತ್ತದೆ.

ಎಡಿಯಸ್, ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್

ಮದುವೆ ಸ್ಟುಡಿಯೋಗಳಲ್ಲಿ ಎಡಿಯಸ್ ಇನ್ನೂ ಇದೆ. ಯೂಸರ್ ಸೆಟ್ಟಿಂಗ್ಸ್‌ನ ಪ್ರಾಜೆಕ್ಟ್ ಫೈಲ್ ಪುಟದಲ್ಲಿ ಬ್ಯಾಕಪ್, ಆಟೋ ಸೇವ್ ಎರಡೂ ಬೇರೆ ಬೇರೆ. ಬ್ಯಾಕಪ್ ಎಂದರೆ ನೀವು ಸೇವ್ ಒತ್ತಿದಾಗ ಹಿಂದಿನ ಪ್ರತಿ ಉಳಿಸುವುದು. ಆಟೋ ಸೇವ್ ಎಂದರೆ ಸಮಯ ನೋಡಿ ತಾನೇ ಉಳಿಸುವುದು. ಒಂದನ್ನು ಆನ್ ಮಾಡಿ ಇನ್ನೊಂದು ಬಿಟ್ಟರೆ ಅರ್ಧ ರಕ್ಷಣೆ. ವರ್ಷಗಟ್ಟಲೆ ಇದರಲ್ಲೇ ಕೈ ಪಳಗಿದವರು ಅನ್‌ಡು ಒಂದಕ್ಕಾಗಿ ಬೇರೆ ಕಡೆ ಹೋಗಬೇಕಾಗಿಲ್ಲ. ಈ ಎರಡು ಸೆಟ್ಟಿಂಗ್ ಸರಿಯಿದ್ದರೆ ಕೆಲಸ ನಡೆಯುತ್ತದೆ.

ಕಾಲೇಜು ಹುಡುಗರ ಹಳೆಯ ಲ್ಯಾಪ್‌ಟಾಪ್‌ಗೆ ಉಚಿತವಾದದ್ದು ಬೇಕು, ರಿಸಾಲ್ವ್ ಭಾರವಾಗುತ್ತದೆ ಎಂದಾದರೆ ಕೆಡೆನ್‌ಲೈವ್ ನಮ್ಮ ಮೊದಲ ಆಯ್ಕೆ. ಲಿನಕ್ಸ್, ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ವ್ಯೂ ಮೆನುವಿನಲ್ಲಿ ಅನ್‌ಡು ಹಿಸ್ಟರಿಯ ಪಟ್ಟಿ ತೆರೆದಿಟ್ಟುಕೊಳ್ಳಬಹುದು. ಸೇವ್ ಮಾಡಿದಾಗಲೆಲ್ಲ ಹಿಂದಿನ ಪ್ರತಿ ಉಳಿಯುತ್ತದೆ, ‘ಓಪನ್ ಬ್ಯಾಕಪ್ ಫೈಲ್’ ಕೊಟ್ಟರೆ ದಿನಾಂಕ ಸಮೇತ ಪಟ್ಟಿ ಬರುತ್ತದೆ. ಸಾಫ್ಟ್‌ವೇರ್ ಅರ್ಧಕ್ಕೆ ಮುಚ್ಚಿಕೊಂಡಿದ್ದರೆ ಮತ್ತೆ ತೆರೆದಾಗ ಆಟೋ ಸೇವ್‌ನಿಂದ ವಾಪಸ್ ತರಲೇ ಎಂದು ಕೇಳುತ್ತದೆ. ಹೌದು ಎನ್ನಿ. ಗಡಿಬಿಡಿಯಲ್ಲಿ ಬೇಡ ಅಂದುಬಿಡುವವರೇ ಹೆಚ್ಚು.

ಶಾಟ್‌ಕಟ್‌ನಲ್ಲೂ ಹಿಸ್ಟರಿ ಪಟ್ಟಿ ಇದೆ. ಆದರೆ ಹಳೆಯ ವರ್ಷನ್‌ಗಳಲ್ಲಿ ಫಿಲ್ಟರ್‌ಗೆ ಮಾಡಿದ ಬದಲಾವಣೆ ಅನ್‌ಡು ಆಗುತ್ತಿರಲಿಲ್ಲ. ಬಳಸುವುದಾದರೆ ಹೊಸ ವರ್ಷನ್ ಹಾಕಿಕೊಳ್ಳಿ. ಓಪನ್‌ಶಾಟ್‌ನ ವಿಶೇಷ ಬೇರೆ: ಅದು ಅನ್‌ಡು ಇತಿಹಾಸವನ್ನು ಪ್ರಾಜೆಕ್ಟ್ ಫೈಲ್‌ನೊಳಗೇ ಬರೆದಿಡುತ್ತದೆ. ಉಳಿದೆಲ್ಲವೂ ಮುಚ್ಚಿದಾಗ ಮರೆಯುವುದನ್ನು ಇದು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೆಜ್ಜೆ ಎಂಬುದನ್ನು ಪ್ರಿಫರೆನ್ಸಸ್‌ನಲ್ಲಿ ಕೊಡಬೇಕು. ಹಾಗಂತ ಎರಡು ಗಂಟೆಯ ಮದುವೆ ವಿಡಿಯೋಗೆ ಅದನ್ನು ಆರಿಸಲು ನಾವು ಹೇಳುವುದಿಲ್ಲ. ಚಿಕ್ಕ ಕೆಲಸಕ್ಕೆ ಸರಿ.

ಫೋನ್‌ನಲ್ಲಿ ಎಡಿಟ್ ಮಾಡುವವರಿಗೆ

ಹೋಮ್‌ಸ್ಟೇಗಳ ರೀಲ್ಸ್, ಕಾಫಿ ಹೂವಿನ ವಿಡಿಯೋ, ಹಾಸನಾಂಬೆ ದರ್ಶನದ ಸಾಲು, ಇದೆಲ್ಲ ಈಗ ಫೋನ್‌ನಲ್ಲೇ ಕಟ್ ಆಗಿ ಫೋನ್‌ನಿಂದಲೇ ಹೋಗುತ್ತದೆ. ಕೈನ್‌ಮಾಸ್ಟರ್, ವಿಎನ್, ಇನ್‌ಶಾಟ್ ಮೂರರಲ್ಲೂ ಹಿಂದಕ್ಕೆ ಮುಂದಕ್ಕೆ ಬಾಣದ ಗುರುತುಗಳಿವೆ. ಕೆಲಸ ನಡೆಯುತ್ತಿರುವಾಗ ಅವು ಸಾಕು. ಆದರೆ ಡ್ರಾಫ್ಟ್‌ನಿಂದ ಹೊರಬಂದು ಮತ್ತೆ ಒಳಗೆ ಹೋದರೆ ಆ ಬಾಣಗಳನ್ನು ನಂಬಬೇಡಿ. ಮಧ್ಯೆ ಫೋನ್ ಕಾಲ್ ಬಂದು, ಮೆಮೊರಿ ಕಡಿಮೆಯಾಗಿ ಆ್ಯಪ್ ತಾನೇ ಮುಚ್ಚಿಕೊಂಡರೂ ಅದೇ ಕಥೆ. ದೊಡ್ಡ ಬದಲಾವಣೆಗೆ ಕೈ ಹಾಕುವ ಮುನ್ನ ಡ್ರಾಫ್ಟ್ ಪಟ್ಟಿಗೆ ಹೋಗಿ ಅದರ ಒಂದು ನಕಲು ಮಾಡಿಟ್ಟು, ನಕಲಿನ ಮೇಲೆ ಪ್ರಯೋಗ ಮಾಡಿ.

ಫೋನ್‌ನಲ್ಲಿ ಡ್ರಾಫ್ಟ್ ಹಾಳಾಗುವುದು ಹೆಚ್ಚಾಗಿ ಎಡಿಟಿಂಗ್‌ನಿಂದ ಅಲ್ಲ, ಜಾಗ ಖಾಲಿ ಮಾಡುವುದರಿಂದ. ಆ್ಯಪ್‌ನ ಡೇಟಾ ಕ್ಲಿಯರ್ ಮಾಡಿದರೆ ಅಥವಾ ತೆಗೆದು ಮತ್ತೆ ಹಾಕಿದರೆ ಡ್ರಾಫ್ಟ್‌ಗಳೆಲ್ಲ ಹೋಗುತ್ತವೆ. ಗ್ಯಾಲರಿಯಿಂದ ಮೂಲ ವಿಡಿಯೋ ಅಳಿಸಿದರೆ ಡ್ರಾಫ್ಟ್ ಇದ್ದರೂ ಒಳಗೆ ಕ್ಲಿಪ್ ಸಿಗುವುದಿಲ್ಲ. ಇಲ್ಲಿ ಕೈನ್‌ಮಾಸ್ಟರ್‌ಗೆ ಒಂದು ಮೇಲುಗೈ: ಪ್ರಾಜೆಕ್ಟನ್ನು ಡಾಟ್ ಕೈನ್ ಫೈಲಾಗಿ ಹೊರತೆಗೆದು ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿಡಬಹುದು. ರೆಸಾರ್ಟ್‌ನವರು ವರ್ಷವರ್ಷ ಅದೇ ವಿಡಿಯೋ ಬದಲಿಸಿ ಕೇಳುವಂತಿದ್ದರೆ ಇದೊಂದೇ ಕಾರಣಕ್ಕೆ ಕೈನ್‌ಮಾಸ್ಟರ್ ಆರಿಸಬಹುದು.

ಹತ್ತು ದಿನ ಬಿಟ್ಟು ‘ಮೊದಲಿನದೇ ಇರಲಿ’ ಎಂದರೆ

ಇಲ್ಲಿ ಯಾವ ಸಾಫ್ಟ್‌ವೇರ್‌ನ ಅನ್‌ಡು ಕೂಡ ಕೈಹಿಡಿಯುವುದಿಲ್ಲ. ಗಿರಾಕಿಗೆ ಒಮ್ಮೆ ತೋರಿಸಿದ ಸೀಕ್ವೆನ್ಸನ್ನು ಮತ್ತೆ ಮುಟ್ಟಬಾರದು. ತೋರಿಸಿದ ದಿನವೇ ಡೂಪ್ಲಿಕೇಟ್ ಮಾಡಿ, ಹೆಸರಿನಲ್ಲಿ ದಿನಾಂಕ ಸೇರಿಸಿ, ಬದಲಾವಣೆಗಳನ್ನು ಹೊಸದರಲ್ಲಿ ಮಾಡಿ. ‘ಫೈನಲ್’, ‘ಹೊಸ ಫೈನಲ್’, ‘ಕೊನೆಯ ಫೈನಲ್’ ಎಂಬ ಹೆಸರುಗಳಿಂದ ಯಾವುದು ಯಾವಾಗಿನದು ಎಂದು ತಿಳಿಯುವುದಿಲ್ಲ.

ಇಷ್ಟು ಮಾಡಿದವರೂ ಸಿಕ್ಕಿಬೀಳುವ ಜಾಗ ನೆಸ್ಟ್ ಮತ್ತು ಕಾಂಪೌಂಡ್ ಕ್ಲಿಪ್, ಅಂದರೆ ಹಲವು ಕ್ಲಿಪ್‌ಗಳನ್ನು ಒಂದೇ ಕ್ಲಿಪ್‌ನಂತೆ ಕಟ್ಟಿಟ್ಟ ಗಂಟು. ಪ್ರೀಮಿಯರ್‌ನಲ್ಲಿ ಸೀಕ್ವೆನ್ಸ್ ಡೂಪ್ಲಿಕೇಟ್ ಮಾಡಿದಾಗ ಅದರೊಳಗಿನ ನೆಸ್ಟ್ ಡೂಪ್ಲಿಕೇಟ್ ಆಗುವುದಿಲ್ಲ. ಹಳೆಯದು, ಹೊಸದು ಎರಡೂ ಒಂದೇ ನೆಸ್ಟನ್ನು ತೋರಿಸುತ್ತಿರುತ್ತವೆ. ಹೊಸದರಲ್ಲಿ ನೆಸ್ಟ್ ತೆರೆದು ಆರತಕ್ಷತೆಯ ಎರಡು ಶಾಟ್ ತೆಗೆದರೆ ‘ಮುಟ್ಟದೆ ಇಟ್ಟ’ ಹಳೆಯದರಲ್ಲೂ ಅವು ಹೋಗಿರುತ್ತವೆ, ಅದೂ ಯಾವ ಎಚ್ಚರಿಕೆಯೂ ಇಲ್ಲದೆ. ಹಲವು ಕ್ಯಾಮೆರಾಗಳ ಶಾಟ್ ಒಟ್ಟುಗೂಡಿಸಿದ ಮಲ್ಟಿಕ್ಯಾಮ್ ಮೂಲ ಸೀಕ್ವೆನ್ಸ್‌ಗೂ ಇದೇ ನಿಯಮ, ರಿಸಾಲ್ವ್‌ನ ಕಾಂಪೌಂಡ್ ಕ್ಲಿಪ್‌ಗೂ ಇದೇ. ಪ್ರೀಮಿಯರ್‌ನಲ್ಲಿ ಮಾಡಬೇಕಾದ್ದು: ಬಿನ್‌ನಲ್ಲಿ ನೆಸ್ಟ್ ಸೀಕ್ವೆನ್ಸನ್ನೂ ಡೂಪ್ಲಿಕೇಟ್ ಮಾಡಿ, ಹೊಸ ಟೈಮ್‌ಲೈನ್‌ನಲ್ಲಿರುವ ಹಳೆಯ ನೆಸ್ಟ್ ಆರಿಸಿ, ಬಿನ್‌ನಲ್ಲಿ ಹೊಸದನ್ನು ಆರಿಸಿ, ರೈಟ್ ಕ್ಲಿಕ್‌ನಲ್ಲಿ ‘ರಿಪ್ಲೇಸ್ ವಿತ್ ಕ್ಲಿಪ್, ಫ್ರಮ್ ಬಿನ್’. ಇಷ್ಟೆಲ್ಲ ಬೇಡ ಎಂದರೆ ಪೂರ್ತಿ ಪ್ರಾಜೆಕ್ಟನ್ನೇ ‘ಸೇವ್ ಆ್ಯಸ್’ ಮಾಡಿ ಹೊಸ ಫೈಲ್‌ನಲ್ಲಿ ಮುಂದುವರಿಯಿರಿ. ನೆಸ್ಟ್ ಹೆಚ್ಚು ಬಳಸುವವರಿಗೆ ಅದೇ ನೆಮ್ಮದಿ. ಫೈನಲ್ ಕಟ್‌ನ ಸ್ನ್ಯಾಪ್‌ಶಾಟ್ ಈ ಸಮಸ್ಯೆಯನ್ನು ಬುಡದಲ್ಲೇ ಬಗೆಹರಿಸಿದೆ: ಒಳಗಿನ ಕಾಂಪೌಂಡ್, ಮಲ್ಟಿಕ್ಯಾಮ್ ಕ್ಲಿಪ್‌ಗಳ ಪ್ರತಿಯೂ ಅದರ ಜೊತೆಗೇ ಉಳಿಯುತ್ತದೆ. ಆಮೇಲೆ ಮೂಲ ಬದಲಾದರೂ ಸ್ನ್ಯಾಪ್‌ಶಾಟ್ ಬದಲಾಗುವುದಿಲ್ಲ.

ಹಾಗಾದರೆ ಯಾವುದು?

ಹೊಸದಾಗಿ ಸ್ಟುಡಿಯೋ ತೆರೆಯುವವರು, ವಿಂಡೋಸ್ ಕಂಪ್ಯೂಟರ್‌ನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ರಿಸಾಲ್ವ್ ಹಿಡಿಯುವುದೇ ಸರಿ. ಮಿತಿಯಿಲ್ಲದ ಅನ್‌ಡು, ಲೈವ್ ಸೇವ್, ಗಂಟೆ ಮತ್ತು ದಿನದ ಲೆಕ್ಕದ ಬ್ಯಾಕಪ್, ಈ ಮೂರೂ ಒಟ್ಟಿಗೆ ಉಚಿತವಾಗಿ ಬೇರೆಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಆಫ್ಟರ್ ಎಫೆಕ್ಟ್ಸ್, ಫೋಟೋಶಾಪ್ ದಿನವೂ ಬೇಕಾದವರಿಗೆ ಪ್ರೀಮಿಯರ್. ಆದರೆ ಹಿಸ್ಟರಿ 100, ಆಟೋ ಸೇವ್ ಪ್ರತಿ 100 ಮಾಡಿಕೊಳ್ಳದೆ ಕೆಲಸ ಶುರು ಮಾಡಬೇಡಿ. ಒಂದೇ ಮದುವೆಗೆ ಮೂರು ನಾಲ್ಕು ಆವೃತ್ತಿ ಮಾಡಿಕೊಡುವವರಿಗೆ, ಮ್ಯಾಕ್ ಇದ್ದರೆ, ಫೈನಲ್ ಕಟ್.

ಯಾವುದೇ ಇರಲಿ, ಕರೆಂಟ್ ವಿಷಯ ಬೇರೆ ನೋಡಿಕೊಳ್ಳಬೇಕು. ಮನೆ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇಕೋ ಮೋಡ್‌ನಲ್ಲಿದ್ದರೆ ಬದಲಾಗುವಾಗಿನ ಚಿಕ್ಕ ಅಂತರದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಹೊರಗಿನ ಹಾರ್ಡ್ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇದ್ದರೆ ಅದನ್ನೂ ಯುಪಿಎಸ್‌ಗೇ ಹಾಕಿ. ಕಂಪ್ಯೂಟರ್ ಉಳಿದು ಡಿಸ್ಕ್ ಆಫ್ ಆದರೂ ಪ್ರಾಜೆಕ್ಟ್ ಕೆಡಬಹುದು.

ಅನ್‌ಡು ಮುಟ್ಟಲಾಗದ ತಪ್ಪು

ಡಿಸ್ಕ್‌ನಲ್ಲೇ ಆದ ತಪ್ಪಿಗೆ ಎಡಿಟಿಂಗ್ ಸಾಫ್ಟ್‌ವೇರ್ ಏನೂ ಮಾಡಲಾರದು. ಹಳೆಯ ಎಕ್ಸ್‌ಪೋರ್ಟ್ ಮೇಲೆ ಅದೇ ಹೆಸರಿನಲ್ಲಿ ಹೊಸದನ್ನು ಬರೆದರೆ ಹಳೆಯದು ಹೋಯಿತು. ಫೋಲ್ಡರ್ ಹೆಸರು ಬದಲಿಸಿದ್ದಕ್ಕೆ ಕ್ಲಿಪ್‌ಗಳೆಲ್ಲ ಕಾಣೆಯಾಗಿದ್ದರೆ ಗಾಬರಿ ಬೇಡ, ಹೆಸರನ್ನು ಮೊದಲಿನಂತೆ ಮಾಡಿ ಅಥವಾ ರೀಲಿಂಕ್ ಕೊಡಿ. ಫೈಲೇ ಅಳಿಸಿದ್ದರೆ ಮೊದಲು ರೀಸೈಕಲ್ ಬಿನ್ ನೋಡಿ. ಶಿಫ್ಟ್ ಡಿಲೀಟ್ ಒತ್ತಿದ್ದರೆ, ಪೆನ್‌ಡ್ರೈವ್ ಅಥವಾ ಎಸ್‌ಡಿ ಕಾರ್ಡ್‌ನಿಂದ ಅಳಿಸಿದ್ದರೆ ಅದು ಅಲ್ಲಿ ಇರುವುದಿಲ್ಲ.

ಕ್ಯಾಮೆರಾದ ಕಾರ್ಡ್ ತಪ್ಪಿ ಫಾರ್ಮ್ಯಾಟ್ ಆಗಿದ್ದರೆ ಆ ಕ್ಷಣವೇ ಕಾರ್ಡ್ ಹೊರತೆಗೆಯಿರಿ, ಅದರ ಮೇಲೆ ಇನ್ನೊಂದು ಸೆಕೆಂಡ್ ಕೂಡ ಶೂಟ್ ಮಾಡಬೇಡಿ. ಎಸ್‌ಡಿ ಕಾರ್ಡ್ ಪಕ್ಕದಲ್ಲಿ ಬರೆಯದಂತೆ ತಡೆಯುವ ಚಿಕ್ಕ ಗುಂಡಿ ಇರುತ್ತದೆ, ಅದನ್ನು ಲಾಕ್‌ಗೆ ಸರಿಸಿ. ಉಚಿತವಾದ ಫೋಟೋರೆಕ್‌ನಂಥ ಸಾಫ್ಟ್‌ವೇರ್‌ನಿಂದ ಓದಿಸಿ, ಸಿಕ್ಕ ಫೈಲ್‌ಗಳನ್ನು ಅದೇ ಕಾರ್ಡ್‌ಗೆ ಬರೆಯದೆ ಬೇರೆ ಡ್ರೈವಿಗೆ ಉಳಿಸಿ. ಹೆಸರುಗಳು ಕಲಸಿಹೋಗಿರುತ್ತವೆ, ಒಂದೊಂದನ್ನೂ ತೆರೆದು ನೋಡಿ ಬೇರ್ಪಡಿಸಬೇಕಾಗುತ್ತದೆ. ತುಂಡುತುಂಡಾಗಿ ಬರೆದ ದೊಡ್ಡ ವಿಡಿಯೋ ಫೈಲ್‌ಗಳು ಕೆಲವು ಬಂದರೂ ಪ್ಲೇ ಆಗದೆ ಇರಬಹುದು. ಕಂಪ್ಯೂಟರ್‌ನ ಎಸ್‌ಎಸ್‌ಡಿಯಿಂದ ಅಳಿಸಿದ್ದಾದರೆ ಈ ದಾರಿಯಲ್ಲಿ ಸಿಗುವ ಸಾಧ್ಯತೆ ತೀರ ಕಡಿಮೆ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನಾಗಿ ಖಾಲಿ ಮಾಡಿಕೊಳ್ಳುತ್ತದೆ. ಅದಕ್ಕೇ ವಿಡಿಯೋ ಗಿರಾಕಿಯ ಕೈಸೇರಿ, ಅವರು ಪೂರ್ತಿ ನೋಡಿ ಒಪ್ಪುವ ತನಕ ಕಾರ್ಡ್‌ನ ಮೂಲ ಫೈಲ್‌ಗಳ ಒಂದು ಪ್ರತಿ ಎಸ್‌ಎಸ್‌ಡಿಯ ಹೊರತಾಗಿ ಮಾಮೂಲಿ ಹಾರ್ಡ್ ಡಿಸ್ಕ್‌ನಲ್ಲೂ ಇರಲಿ, ಕಾರ್ಡ್ ಫಾರ್ಮ್ಯಾಟ್ ಮಾಡುವುದು ಆ ಪ್ರತಿಯನ್ನು ತೆರೆದು ಪ್ಲೇ ಮಾಡಿ ನೋಡಿದ ಮೇಲೆ.